ಗುಳಂಬದ ಜಾಡಿ

ಉಪ್ಪಿನಕಾಯಿ ಎಂದ ಮೇಲೆ ಉಪ್ಪು, ಹುಳಿ, ಖಾರ ಇರಬೇಕು. ಸಿಹಿ ಉಪ್ಪಿನಕಾಯಿ ಎಂದರೆ ಅದೇನು ಎಂದು ಮೈಸೂರು ಕಡೆಯ ಗೆಳತಿಯರು ನನ್ನನ್ನು ಕೇಳಿದ್ದುಂಟು. ಅವರ ಪ್ರಶ್ನೆ ನ್ಯಾಯವಾದದ್ದೇ. ಹೆಸರಿನಲ್ಲೇ ಉಪ್ಪು ಇಟ್ಟುಕೊಂಡ ಪದಾರ್ಥ ಸಿಹಿಯಾಗುವುದು ಹೇಗೆ? ಆದರೆ ನಮ್ಮ ಬೀದರ ಜಿಲ್ಲೆಯ ಅಡುಗೆಮನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಏಕೆಂದರೆ ನಾವು ಅದನ್ನು ಉಪ್ಪಿನಕಾಯಿ ಎಂದು ಕರೆಯುವುದಿಲ್ಲ. ಬೆಲ್ಲ ಹಾಕಿದ್ದು ಗುಳಂಬ, ಸಕ್ಕರೆ ಹಾಕಿದ್ದು ಸಕ್ಕರಂಬ, ಮೆಂತ್ಯದ ಒಗ್ಗರಣೆ ಬಿದ್ದದ್ದು ಮೇಥಾಂಬಾ, ಇಡೀ ಹಣ್ಣೋ ಹೋಳೋ ಪಾಕದಲ್ಲಿ ನಿಂತದ್ದು ಮುರಬ್ಬಾ. ಒಂದು ಮಾವಿನಕಾಯಿಗೆ ನಾಲ್ಕು ಹೆಸರು. ಈ ನಾಲ್ಕು ಹೆಸರುಗಳನ್ನು ಬಿಡಿಸಿ ನೋಡಿದರೆ ನಮ್ಮ ಸೀಮೆಯ ಏಳೆಂಟು ನೂರು ವರ್ಷದ ಚರಿತ್ರೆ ಅದರಲ್ಲೇ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ರಾಜರ ಚರಿತ್ರೆಯನ್ನು ಬರೆಯುವವರು ಬಹಳ ಜನ ಇದ್ದಾರೆ. ಜಾಡಿಯ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕು.

ನನ್ನ ತವರು ಠಾಣಾ ಕುಶನೂರ. ಬೀದರ ಜಿಲ್ಲೆಯ ಔರಾದ ಸೀಮೆಯ ಊರು. ಹೆಸರಿಗೆ ಅಂಟಿದ 'ಠಾಣಾ' ಎಂಬ ಮಾತೇ ಸರಕಾರದ ಭಾಷೆ ಒಂದು ಕಾಲಕ್ಕೆ ಬೇರೆಯಾಗಿತ್ತೆಂದು ಹೇಳುತ್ತದೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು, ಸಂತೆಗೆ ಬರುವ ಮೆಣಸಿನಕಾಯಿ ವ್ಯಾಪಾರಿಯ ಬಾಯಲ್ಲಿ ತೆಲುಗು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ ಒಂದು ದೊಡ್ಡ ಜಿಲ್ಲೆ. ಉದಗೀರ, ನಿಲಂಗಾ, ಅಹಮದಪುರ ಅದರೊಳಗಿದ್ದವು. ಜಹೀರಾಬಾದ್, ನಾರಾಯಣಖೇಡ ಅದರೊಳಗಿದ್ದವು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ಜಿಲ್ಲೆಯನ್ನು ಹಂಚಿದರು. ಮರಾಠಿ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ತೆಲುಗು ಭಾಗ ಆಂಧ್ರಪ್ರದೇಶಕ್ಕೆ ಹೋಯಿತು, ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಬಂದವು. ಹಂಚಿಕೆ ಮಾಡಿದವರಿಗೆ ಹೊಲ, ರಸ್ತೆ, ಕಚೇರಿ ಕಂಡವು. ಆದರೆ ಉದಗೀರದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳನ್ನು ಯಾವ ರಾಜ್ಯಕ್ಕೆ ಸೇರಿಸುವುದು? ಅವಳು ತನ್ನೊಂದಿಗೆ ಗುಳಂಬವನ್ನು ತಂದಿದ್ದಳು.

ಗೂಳ ಎಂದರೆ ಮರಾಠಿಯಲ್ಲಿ ಬೆಲ್ಲ, ಅಂಬಾ ಎಂದರೆ ಮಾವು. ಎರಡೂ ಕೂಡಿ ಗುಳಾಂಬಾ. ಕನ್ನಡದ ಬಾಯಲ್ಲಿ ಗುಳಂಬ. ಸಾಖರ ಮತ್ತು ಅಂಬಾ ಸೇರಿ ಸಕ್ಕರಂಬ. ಮೇಥಾಂಬಾ ಕೂಡ ಅದೇ ಜಾತಿಯ ಮಾತು. ಮುರಬ್ಬಾ ಇನ್ನೂ ದೂರದ್ದು. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಕೈ ಹಿಡಿದು ದಖ್ಖನಕ್ಕೆ ಬಂದದ್ದು. ಅಚಾರ ಎಂಬುದೂ ಪಾರಸಿಯ ಮಾತೇ. ತೆಲುಗು ಮನೆಗಳಲ್ಲಿ ಆವಕಾಯಿಗೆ ಬೆಲ್ಲ ಹಾಕಿ ಬೆಲ್ಲಂ ಆವಕಾಯ ಮಾಡುತ್ತಾರೆ. ಸಾಸಿವೆಪುಡಿಯ ಘಾಟು, ಮೆಣಸಿನಪುಡಿ, ಎಣ್ಣೆ, ಬೆಲ್ಲ ಎಲ್ಲ ಒಟ್ಟಿಗೆ. ಜಹೀರಾಬಾದ್ ಕಡೆಯ ನೆಂಟಸ್ತನವಿದ್ದ ಮನೆಗಳಲ್ಲಿ ಅದರ ಜಾಡಿಯೂ ಇರುತ್ತಿತ್ತು. ಹೀಗೆ ಒಂದೇ ಅಟ್ಟಣಿಗೆಯ ಮೇಲೆ ಮೂರು ನಾಲ್ಕು ಭಾಷೆ ಒಂದರ ಪಕ್ಕ ಒಂದು ಕೂತಿರುತ್ತಿದ್ದವು. ಜಗಳ ಇರಲಿಲ್ಲ.

ಪುಸ್ತಕಗಳಲ್ಲಿ ಹುಡುಕಿದರೆ ಕನ್ನಡದ ಅಡುಗೆಗೆ ಹಳೆಯ ಮನೆತನವೇ ಇದೆ. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವಿದೆ. ಆಮೇಲೆ ಒಂದು ನೂರು ವರ್ಷಕ್ಕೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಯಿಸಿದ. ಆ ಕಲ್ಯಾಣ ನಮ್ಮ ಜಿಲ್ಲೆಯ ಬಸವಕಲ್ಯಾಣವೇ. ಅದರಲ್ಲಿ ಅನ್ನಭೋಗ ಎಂಬ ಭಾಗವಿದೆ; ರಾಜನ ಊಟದಲ್ಲಿ ಏನೇನಿರಬೇಕು, ಹೇಗಿರಬೇಕು ಎಂಬ ವಿವರ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದ. ಗುರುಲಿಂಗ ದೇಶಿಕನ 1594ರ 'ಲಿಂಗಪುರಾಣ'ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಹೆಸರಿದೆ ಎಂದು ಆಹಾರದ ಇತಿಹಾಸಕಾರ ಕೆ. ಟಿ. ಅಚ್ಚಯ್ಯನವರು ದಾಖಲಿಸಿದ್ದಾರೆ. ಐವತ್ತು! ಈಗ ಅಂಗಡಿಯ ಕಪಾಟಿನಲ್ಲಿ ಎಣಿಸಿದರೂ ಅಷ್ಟು ಸಿಗಲಾರವು.

ಈ ಪುಸ್ತಕಗಳ ಬಗ್ಗೆ ನನಗೆ ಗೌರವವಿದೆ. ಆದರೆ ಬರೆದವರೆಲ್ಲ ಗಂಡಸರು, ಬರೆಸಿದವರೆಲ್ಲ ದೊರೆಗಳು. ಅವರು ತಟ್ಟೆಯನ್ನು ನೋಡಿ ಬರೆದರು. ತಟ್ಟೆಗೆ ಬರುವ ಮುಂಚೆ ಆ ಹೋಳು ವರ್ಷವಿಡೀ ಜಾಡಿಯಲ್ಲಿ ಕರಗದೆ, ಕೊಳೆಯದೆ, ಕಚ್ಚಿದರೆ ಕಟಂ ಎನ್ನುವ ಹಾಗೆ ಉಳಿದದ್ದು ಹೇಗೆ ಎಂಬುದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆ. ಅತ್ತೆಯಿಂದ ಸೊಸೆಗೆ ಬಂತು, ಆಯಿಯಿಂದ ಮೊಮ್ಮಗಳಿಗೆ ಬಂತು.

ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ. ಅವನ ಹಿಂದೆ ಇರಾನದಿಂದ ಸೈನಿಕರು, ಕವಿಗಳು, ವೈದ್ಯರು, ವ್ಯಾಪಾರಿಗಳು ಬಂದರು. ಇರಾನದ ಗಿಲಾನಿನಿಂದ ಬಂದ ಮಹಮೂದ ಗವಾನ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಬೀದರದ ನಡುವೆ ನಿಂತಿದೆ. ಆ ಜನ ತಂದ ಗುಮ್ಮಟ, ಹೆಂಚುಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ಅವರ ಭಾಷೆಯ ಮುರಬ್ಬಾ, ಗುಲ್ಕಂದ ಎಂಬ ಮಾತುಗಳು ನಮ್ಮ ಅಡುಗೆಮನೆಯಲ್ಲೂ ಹಕೀಮರ ಅಂಗಡಿಯಲ್ಲೂ ಉಳಿದವು. ಯುನಾನಿ ವೈದ್ಯದಲ್ಲಿ ಮುರಬ್ಬಾ ಎಂದರೆ ಬರೀ ಸಿಹಿಯಲ್ಲ, ಮದ್ದು. ನೆಲ್ಲಿಕಾಯಿಯ ಮುರಬ್ಬಾವನ್ನು ದೇಹಕ್ಕೆ ತಂಪೆಂದು, ಬಲವೆಂದು ಹಕೀಮರು ಕೊಡುತ್ತಿದ್ದರು. ನಮ್ಮ ಆಯುರ್ವೇದದ ಲೇಹ್ಯವೂ ಅದೇ ಮಾತು ಹೇಳುತ್ತದೆ. ಬಾಣಂತಿಗೆ, ಜ್ವರ ಬಿಟ್ಟು ಎದ್ದವರಿಗೆ, ಊಟ ಸೇರದ ಮಗುವಿಗೆ ಒಂದು ಹೋಳು ಕೊಡುವ ಪದ್ಧತಿ ಹಿಂದೂ ಮನೆಯಲ್ಲೂ ಇತ್ತು, ಮುಸಲ್ಮಾನರ ಮನೆಯಲ್ಲೂ ಇತ್ತು.

ಇನ್ನು ಬೆಲ್ಲ, ಸಕ್ಕರೆಯ ಮಾತು. ಇವೆರಡರ ನಡುವಿನ ವ್ಯತ್ಯಾಸ ರುಚಿಯದಷ್ಟೇ ಅಲ್ಲ, ಅಂತಸ್ತಿನದೂ ಹೌದು. ಕಬ್ಬು ಇದ್ದಲ್ಲಿ ಗಾಣ ಇರುತ್ತಿತ್ತು. ಹೊಸ ಬೆಲ್ಲದ ಪೆಂಟೆ ಮನೆಗೆ ಬರುತ್ತಿತ್ತು. ಸಕ್ಕರೆಯನ್ನು ರೊಕ್ಕ ಕೊಟ್ಟು ತರಬೇಕು. ಎರಡನೆಯ ಮಹಾಯುದ್ಧದ ಕಾಲದಿಂದ ಸಕ್ಕರೆಗೆ ಸರಕಾರದ ಹಿಡಿತ ಬಂತು. ಸ್ವಾತಂತ್ರ್ಯದ ನಂತರವೂ ಬಹಳ ವರ್ಷ ರೇಷನ್ ಕಾರ್ಡು ತೋರಿಸಿ ಅಳತೆಯಷ್ಟೇ ತರಬೇಕಾಗಿತ್ತು. ಆ ಅಳತೆಯಲ್ಲಿ ಚಹಾ ಆಗಬೇಕು, ಹಬ್ಬ ಆಗಬೇಕು, ಬೀಗರು ಬಂದರೆ ಶೀರಾ ಆಗಬೇಕು. ಹಾಗಾಗಿ ಸಕ್ಕರಂಬ ಮಾಡುವ ಮನೆ ಊರಿಗೆ ಎರಡೋ ಮೂರೋ. ಉಳಿದವರದೆಲ್ಲ ಗುಳಂಬ. ಮುಂದೆ ಜಿಲ್ಲೆಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಹಳ್ಳಿಖೇಡ, ಇಮಾಮಪುರ, ಹುಂಜಿ ಎಂದು ಹೆಸರುಗಳು ರೈತರ ಬಾಯಲ್ಲಿ ಓಡಾಡತೊಡಗಿದವು. ಕಬ್ಬು ಗಾಣದ ದಾರಿ ಬಿಟ್ಟು ಕಾರ್ಖಾನೆಯ ದಾರಿ ಹಿಡಿಯಿತು. ಗುಳಂಬ ಬಡವರದೆಂದೂ ಸಕ್ಕರಂಬ ಬಲ್ಲಿದರದೆಂದೂ ಇದ್ದ ಭೇದ ನನ್ನ ಕಣ್ಣೆದುರಿಗೇ ತಿರುಗಿತು. ಈಗ ಸಕ್ಕರೆಯೇ ಸಸ್ತಾ. ರಾಸಾಯನಿಕ ಹಾಕದ ಕಪ್ಪು ಬೆಲ್ಲಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ.

1972ರ ಬರದ ವರ್ಷ ನನಗೆ ಚೆನ್ನಾಗಿ ನೆನಪಿದೆ. ಬಾವಿಯ ತಳ ಕಂಡಿತ್ತು. ಊರಿನ ಹೆಂಗಸರು ಬರಗಾಲದ ಕಾಮಗಾರಿಗೆ ಖಡಿ ಒಡೆಯಲು ಹೋಗುತ್ತಿದ್ದರು. ಕಾಯಿಪಲ್ಲೆ ಎಂಬುದೇ ಇರಲಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಹಿಂದಿನ ವರ್ಷದ ಖಾರದ ಉಪ್ಪಿನಕಾಯಿಯ ತಳದ ಎಣ್ಣೆ, ಕೆಂಪಿಂಡಿ. ಆ ವರ್ಷ ಯಾರ ಮನೆಯಲ್ಲೂ ಸಿಹಿಯ ಜಾಡಿ ತುಂಬಲಿಲ್ಲ. ತೊಳೆದು ಬೋರಲಾಗಿಟ್ಟ ಜಾಡಿ ಹಾಗೇ ಇತ್ತು. ಹಸಿವಿಗೆ ಖಾರ ಬೇಕು, ಸಿಹಿ ಕಾಯಬಲ್ಲದು. ಬರದ ಇತಿಹಾಸವನ್ನು ಗೆಜೆಟಿಯರಿನಲ್ಲಿ ಮಳೆಯ ಅಳತೆಯಿಂದ ಬರೆಯುತ್ತಾರೆ. ಬೋರಲು ಬಿದ್ದ ಜಾಡಿಗಳನ್ನು ಎಣಿಸಿದರೂ ಅದೇ ಲೆಕ್ಕ ಬರುತ್ತದೆ.

ಈಗ ಕರಕರ ಎನ್ನುವ ವಿದ್ಯೆಗೆ ಬರೋಣ. ಸಿಹಿಯ ಜಾಡಿಯಲ್ಲಿ ಕಷ್ಟವಿರುವುದೇ ಅಲ್ಲಿ. ಉಪ್ಪಿನಲ್ಲಿ ಹೋಳು ಗಟ್ಟಿಯಾಗಿ ಉಳಿಯುವುದು ಸುಲಭ. ಬೆಲ್ಲದಲ್ಲಿ ಅದು ಮೆತ್ತಗಾಗಿ ರಾಡಿಯಾಗುತ್ತದೆ, ಇಲ್ಲವೆ ಸುಕ್ಕಾಗಿ ಚರ್ಮದ ಚೂರಿನ ಹಾಗೆ ಆಗುತ್ತದೆ. ಎರಡರ ನಡುವಿನ ದಾರಿ ಬಹಳ ಸಣ್ಣದು. ನಮ್ಮ ಆಯಿ ಅದನ್ನು ಹೀಗೆ ಹೇಳುತ್ತಿದ್ದಳು: "ಯವ್ವಾ, ಕಾಯಿ ನೋಡಿ ತಗೋಬೇಕು, ನೀರು ದೂರ ಇಡಬೇಕು, ಪಾಕಕ್ಕ ಅವಸರ ಮಾಡಬಾರದು. ಈ ಮೂರು ಆದ್ರ ಹೋಳು ಕಟಂ ಅಂತದ."

ಕಾಯಿ ನೋಡುವುದೆಂದರೆ ಬಡಿಗೆಯಿಂದ ಹೊಡೆದು ಬೀಳಿಸಿದ ಕಾಯಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಪೆಟ್ಟು ಬಿದ್ದ ಕಡೆ ಎರಡು ದಿನದಲ್ಲಿ ಮೆತ್ತಗಾಗುತ್ತದೆ. ಜಾಳಿಗೆಯಿಂದ ಇಳಿಸಿದ ಕಾಯಿ ಬೇಕು. ಗೊರಟೆ ಬಲಿತಿರಬೇಕು, ತಿರುಳು ಇನ್ನೂ ಬೆಳ್ಳಗಿರಬೇಕು. ಹಳದಿ ಬಣ್ಣ ಒಳಗೆ ಹೊಕ್ಕಿತೆಂದರೆ ಅದು ಹಣ್ಣಿನ ದಾರಿ ಹಿಡಿಯಿತೆಂದೇ ಅರ್ಥ. ವಿಜ್ಞಾನ ಓದಿದವರು ಇದನ್ನೇ ಪೆಕ್ಟಿನ್ ಎನ್ನುತ್ತಾರೆ. ಕಾಯಿಯ ಜೀವಕೋಶಗಳ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆ ಅದು. ಕಾಯಿ ಹಣ್ಣಾಗುವಾಗ ಅದರೊಳಗಿನ ಕಿಣ್ವಗಳು ಆ ಗಾರೆಯನ್ನು ಕರಗಿಸುತ್ತವೆ. ಗಾರೆ ಹೋದ ಗೋಡೆ ನಿಲ್ಲುವುದಿಲ್ಲ. ಬಹಳ ಕುದಿಸಿದರೂ ಹಾಗೇ ಆಗುತ್ತದೆ.

ಆ ಗಾರೆಯನ್ನು ಗಟ್ಟಿ ಮಾಡುವ ಉಪಾಯವೇ ಸುಣ್ಣದ ತಿಳಿ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಆಯಿ ಮಣ್ಣಿನ ಗಡಿಗೆಯ ನೀರಿನಲ್ಲಿ ಕದಡಿ ರಾತ್ರಿ ಬಿಡುತ್ತಿದ್ದಳು. ಬೆಳಿಗ್ಗೆ ಸುಣ್ಣ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಅಲುಗಿಸದೆ ಬಗ್ಗಿಸಿಕೊಂಡು ಸಿಪ್ಪೆ ಹೆರೆದ ಹೋಳುಗಳನ್ನು ಎರಡು ಮೂರು ತಾಸು ನೆನೆಯಿಡುವುದು. ಆಮೇಲೆ ನಾಲ್ಕೈದು ಸಲ ಒಳ್ಳೆಯ ನೀರಿನಲ್ಲಿ ತೊಳೆಯುವುದು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನಿನ ಜೊತೆ ಕೂಡಿ ಗಟ್ಟಿ ಬಂಧ ಕಟ್ಟುತ್ತದೆ. ಪಾಕದಲ್ಲಿ ಬೆಂದರೂ ಹೋಳು ಕರಗುವುದಿಲ್ಲ. ಆಗ್ರಾದ ಪೇಠಾಕ್ಕೆ ಕುಂಬಳಕಾಯಿಯನ್ನು ಸುಣ್ಣದ ನೀರಿನಲ್ಲಿ ಹಾಕುವುದೂ ಇದೇ ಕಾರಣಕ್ಕೆ. ನೆಲ್ಲಿಕಾಯಿಯ ಮುರಬ್ಬಾಕ್ಕೆ ಕೆಲವರು ಪಟಕದ ನೀರು ಬಳಸುತ್ತಿದ್ದರು; ಅದರಿಂದ ಒಗರೂ ಇಳಿಯುತ್ತದೆ. ಆಯಿಗೆ ಕ್ಯಾಲ್ಸಿಯಂ ಎಂಬ ಮಾತು ಗೊತ್ತಿರಲಿಲ್ಲ. ಆದರೆ ಸುಣ್ಣದ ನೀರಿಗೆ ಅಲ್ಯುಮಿನಿಯಂ ಪಾತ್ರೆ ಕೊಟ್ಟರೆ "ಅದನ್ನ ತಿಂದ್ಹಾಕ್ತದ" ಎಂದು ಹಿಂದಕ್ಕೆ ಸರಿಸುತ್ತಿದ್ದಳು. ಅವಳ ಮಾತು ನಿಜ. ಸುಣ್ಣ ಅಲ್ಯುಮಿನಿಯಂ ಅನ್ನು ಕೊರೆಯುತ್ತದೆ.

ಪಾಕಕ್ಕೆ ಅವಸರ ಮಾಡಬಾರದೆಂಬುದಕ್ಕೂ ಕಾರಣವಿದೆ. ಒಮ್ಮೆಗೇ ಗಟ್ಟಿ ಪಾಕಕ್ಕೆ ಹೋಳು ಹಾಕಿದರೆ ಪಾಕ ಹೋಳಿನ ನೀರನ್ನೆಲ್ಲ ಹೊರಗೆ ಎಳೆದುಬಿಡುತ್ತದೆ. ಸಿಹಿ ಒಳಗೆ ಹೋಗುವ ಮುಂಚೆ ನೀರು ಹೊರಗೆ ಬರುತ್ತದೆ, ಹೋಳು ಸುಕ್ಕಾಗುತ್ತದೆ. ಅದಕ್ಕೆ ಮೊದಲ ದಿನ ತೆಳುಪಾಕ. ಮರುದಿನ ಹೋಳು ತೆಗೆದು ಪಾಕವನ್ನಷ್ಟೇ ಕುದಿಸಿ, ಆರಿಸಿ ಮತ್ತೆ ಹೋಳಿಗೆ ಸುರಿಯುವುದು. ಮೂರನೆಯ ದಿನ ಇನ್ನೂ ಗಟ್ಟಿ. ಬೆರಳ ನಡುವೆ ಹಿಡಿದರೆ ಒಂದೆಳೆ, ಆಮೇಲೆ ಎರಡೆಳೆ. ಹೀಗೆ ನಾಲ್ಕೈದು ದಿನ ನಡೆದ ಮೇಲೆ ಹೋಳು ಗಾಜಿನ ಹಾಗೆ ತಿಳಿಯಾಗುತ್ತದೆ. ಆಗ ಲವಂಗ, ಯಾಲಕ್ಕಿ. ಮಿರಗದ ಮಳೆ ಹತ್ತುವುದರೊಳಗೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಮುಗಿಸಬೇಕು. ಹಸಿ ಗಾಳಿ ಹೊಕ್ಕರೆ ಬೂಜು.

1955ರಲ್ಲಿ ಸರಕಾರ ಹಣ್ಣಿನ ಪದಾರ್ಥಗಳ ಮೇಲೆ ಒಂದು ಆಜ್ಞೆ ತಂದಿತು. ಮಾರುವ ಮುರಬ್ಬಾದಲ್ಲಿ ಕರಗಿದ ಘನಾಂಶ ನೂರಕ್ಕೆ 68ಕ್ಕಿಂತ ಕಡಿಮೆ ಇರಬಾರದೆಂದು ಅದರಲ್ಲಿ ಬರೆದಿತ್ತು. ಅಷ್ಟು ಸಿಹಿಯಿದ್ದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಅದನ್ನು ಅಳೆಯಲು ಕಾರ್ಖಾನೆಯಲ್ಲಿ ಯಂತ್ರ ಇರುತ್ತದೆ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದಂಥ ಕಡೆ ವಿದ್ವಾಂಸರು ಇಂಥ ವಿಷಯಗಳನ್ನೇ ಅಭ್ಯಾಸ ಮಾಡುತ್ತಾರೆ. ಆಯಿಯ ಯಂತ್ರ ಅವಳ ಹೆಬ್ಬೆರಳು ಮತ್ತು ತೋರುಬೆರಳು.

ಇಷ್ಟೆಲ್ಲ ಹೇಳಿದ ಮೇಲೆ ಜಾಡಿಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ಹಳೆಯದೆಲ್ಲ ಹೊನ್ನು ಎಂದು ಬರೆಯುವ ಚಪಲ ನಮಗಿರುತ್ತದೆ. ಜಾಡಿ ಇಟ್ಟ ಕೋಣೆಯ ಬೀಗದ ಕೈ ಅತ್ತೆಯ ಸೆರಗಿನಲ್ಲಿರುತ್ತಿತ್ತು. ನಾಲ್ಕು ದಿನ ಬಿಸಿಲಿಗೆ ಹೊತ್ತು, ಇಳಿಸಿ, ಕೈ ಸುಟ್ಟುಕೊಂಡು ಮಾಡಿದ ಸೊಸೆ ತಾನೇ ಒಂದು ಹೋಳು ಕೇಳಿ ತಿನ್ನಬೇಕಾಗಿತ್ತು. ಗಂಡಸರ ಪಂಕ್ತಿ ಮುಗಿದು ಮಕ್ಕಳದು ಮುಗಿದು ಕಡೆಗೆ ಅವಳ ತಟ್ಟೆಗೆ ಬರುತ್ತಿದ್ದದ್ದು ಪಾಕ ಮಾತ್ರ. ಬಸುರಿಯಾದಾಗ ಅವಳಿಗೆ ಬಯಕೆಯ ಹೆಸರಿನಲ್ಲಿ ಹಕ್ಕು ಸಿಗುತ್ತಿತ್ತು. ಅದೂ ಒಂಬತ್ತು ತಿಂಗಳು.

ಮುಟ್ಟಾದವಳು ಜಾಡಿಯ ಕಡೆ ನೆರಳೂ ಹಾಯಿಸಬಾರದು ಎಂಬ ಕಟ್ಟಳೆ ಎಲ್ಲರಿಗೂ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಮುಟ್ಟಿನ ಸೂತಕವೂ ಅದರಲ್ಲಿ ಒಂದು. ಲಿಂಗ ಕಟ್ಟಿದ ಮನೆಯ ಹೆಂಗಸು ಆ ದಿನಗಳಲ್ಲಿ ಪೂಜೆಗೆ ಕೂಡಬಹುದು. ಆದರೆ ಅದೇ ಮನೆಗಳಲ್ಲಿ ಜಾಡಿಗೆ ಮಾತ್ರ ಸೂತಕ ಉಳಿದುಬಿಟ್ಟಿತ್ತು. ದೇವರು ಒಪ್ಪಿಕೊಂಡದ್ದನ್ನು ಉಪ್ಪಿನಕಾಯಿ ಒಪ್ಪಲಿಲ್ಲ! ಕೆಡುವುದು ಒದ್ದೆ ಕೈಯಿಂದ, ಒದ್ದೆ ಚಮಚದಿಂದ, ಕಡಿಮೆ ಬೆಲ್ಲದಿಂದ. ಮೈಯ ಧರ್ಮದಿಂದ ಯಾವ ಹೋಳೂ ಕೆಡುವುದಿಲ್ಲ. ಜಾಡಿ ಕೆಟ್ಟಾಗ ತಪ್ಪು ಹೊರಿಸಲು ಒಬ್ಬ ಹೆಂಗಸು ಬೇಕಾಗಿತ್ತು, ಆ ಕಟ್ಟಳೆ ಅದಕ್ಕೆ ಉಪಯೋಗ ಬಂತು ಎಂದು ನಾನು ತಿಳಿದಿದ್ದೇನೆ. ಹಾಗೇ ಜಾತಿಯದೂ. ಮಾವಿನಕಾಯಿ ಇಳಿಸಿದವರು, ಬುಟ್ಟಿಯಲ್ಲಿ ಹೊತ್ತು ತಂದವರು ಅಂಗಳದಲ್ಲೇ ನಿಲ್ಲಬೇಕು. ಕೂಲಿಯ ಜೊತೆ ಅವರ ಸೆರಗಿಗೆ ಮೇಲಿನಿಂದ ಎತ್ತಿ ಹಾಕುವ ನಾಲ್ಕು ಹೋಳು. ಕಾಯಿ ಮೈಲಿಗೆಯಾಗುತ್ತಿರಲಿಲ್ಲ, ಜಾಡಿ ಆಗುತ್ತಿತ್ತು. ಕಳೆದುಹೋಯಿತೆಂದು ನಾನು ಅಳಲಾರದ ಸಂಗತಿಗಳಲ್ಲಿ ಇವೂ ಇವೆ.

ಆದರೆ 1948ರ ಮಾತು ಬೇರೆ. ಆ ವರ್ಷ ನಮ್ಮ ಸೀಮೆಯವರು ಎರಡು ಸಲ ಮನೆ ಬಿಟ್ಟು ಓಡಿದರು. ಮೊದಲು ರಜಾಕಾರರ ಹಾವಳಿ. ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ಬಹಳ ಜನರನ್ನು ಕೊಂದರು. ಆ ಸುದ್ದಿ ಕೇಳಿ ಹಳ್ಳಿಗಳೇ ಖಾಲಿಯಾಗಿ ಸರಹದ್ದು ದಾಟಿದವು. ಮೇ ಎಂದರೆ ಜಾಡಿ ತುಂಬುವ ತಿಂಗಳು. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳಿಕೆ ಮುಗಿಯಿತು. ಆಮೇಲೆ ಓಡುವ ಸರದಿ ಮುಸಲ್ಮಾನರದು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳಲ್ಲಿ ಅವರಿಗೆ ಆದ ಹಾನಿ ಎಲ್ಲಕ್ಕಿಂತ ಹೆಚ್ಚೆಂದು ಕೇಂದ್ರ ಸರಕಾರ ಕಳಿಸಿದ ಸುಂದರಲಾಲ್ ಸಮಿತಿ ಬರೆಯಿತು. ಆ ವರದಿ ಬಹಳ ವರ್ಷ ಕಪಾಟಿನಲ್ಲೇ ಇತ್ತು.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಮುಸಲ್ಮಾನರ ಮನೆ. ಆ ಮನೆಯಾಕೆಗೂ ನಮ್ಮ ಆಯಿಗೂ ಗೋಡೆಯ ಮೇಲಿಂದ ಬಟ್ಟಲು ಕೊಡುವ ತಗೊಳ್ಳುವ ಬಳಕೆ. ಸೆಪ್ಟೆಂಬರಿನ ಒಂದು ರಾತ್ರಿ ಅವರು ಹೈದರಾಬಾದಿಗೆ ಹೊರಟರು. ಹೊರಡುವ ಮುಂಚೆ ಆಕೆ ಒಂದು ಪಿಂಗಾಣಿ ಜಾಡಿಯನ್ನು ಗೋಡೆಯ ಮೇಲಿಂದ ಆಯಿಯ ಕೈಗೆ ದಾಟಿಸಿದಳು. ಅರ್ಧದಷ್ಟು ಮುರಬ್ಬಾ ಇತ್ತು. "ಆಪಾ, ಹಂಗೇ ಇಡ್ರಿ, ಬಂದು ತಗೋತೀನಿ" ಎಂದಳಂತೆ. ಬಂಗಾರವನ್ನಲ್ಲ, ಜಾಡಿಯನ್ನು ಏಕೆ ಕೊಟ್ಟಳು ಎಂದು ನಾವು ಮಕ್ಕಳು ಕೇಳುತ್ತಿದ್ದೆವು. ಬಂಗಾರ ಮೈಮೇಲೆ ಹೋಗುತ್ತದೆ, ಜಾಡಿ ಹೋಗುವುದಿಲ್ಲ ಎಂದು ಆಯಿ ಹೇಳುತ್ತಿದ್ದಳು. ಆಯಿ ಪ್ರತಿ ವರ್ಷ ಆ ಜಾಡಿಯನ್ನು ತೊಳೆದು ಒಣಗಿಸಿ ಹೊಸ ಮುರಬ್ಬಾ ತುಂಬಿಸಿಡುತ್ತಿದ್ದಳು. ಅದನ್ನು ನಮ್ಮ ಮನೆಯಲ್ಲಿ 'ಅವರ ಜಾಡಿ' ಎಂದೇ ಕರೆಯುತ್ತಿದ್ದರು. ಅದರಿಂದ ಬಡಿಸಿದರೂ ಲೆಕ್ಕ ಅವರದೇ. ಎಷ್ಟೋ ವರ್ಷದ ಮೇಲೆ ಆಕೆಯ ಮಗ ಹೊಲದ ಕಾಗದ ಮುಗಿಸಲು ಊರಿಗೆ ಬಂದ. ತಾಯಿ ತೀರಿಕೊಂಡಿದ್ದಳು. ಆಯಿ ಜಾಡಿಯನ್ನು ತಂದು ಅವನ ಮುಂದಿಟ್ಟಳು. ಬಸ್ಸಿನಲ್ಲಿ ಒಯ್ಯುವುದು ಕಷ್ಟವೆಂದು ಅವನು ಮುರಬ್ಬಾವನ್ನು ಒಂದು ಡಬ್ಬಿಗೆ ಸುರಿದುಕೊಂಡ, ಜಾಡಿಯನ್ನು ಬಿಟ್ಟು ಹೋದ. ಸರಕಾರದ ಕಡತದಲ್ಲಿ ಈ ಲೇವಾದೇವಿ ಎಲ್ಲೂ ಇಲ್ಲ.

ಸಿಹಿ ಉಪ್ಪಿನಕಾಯಿ ನಮ್ಮೊಬ್ಬರದೇ ಆಸ್ತಿ ಎಂದು ಹೆಮ್ಮೆ ಪಡುವ ಹಾಗೂ ಇಲ್ಲ. ಗುಜರಾತಿನವರು ತುರಿದ ಮಾವಿಗೆ ಸಕ್ಕರೆ ಬೆರೆಸಿ, ಬಾಯಿಗೆ ತೆಳುವಸ್ತ್ರ ಕಟ್ಟಿ, ಒಲೆಯನ್ನೇ ಹಚ್ಚದೆ ಬಿಸಿಲಿನಲ್ಲಿ ಛುಂದೋ ಮಾಡುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ಯಾನಿಂಗ್ ಎಂಬ ದಂಪತಿ ಸೌತೆಯನ್ನು ಬಿಲ್ಲೆಯಾಗಿ ಹೆಚ್ಚಿ, ಈರುಳ್ಳಿ ಸೇರಿಸಿ, ಸಕ್ಕರೆ ಮತ್ತು ವಿನೆಗರಿನಲ್ಲಿ ಹಾಕಿ ಸಿಹಿ ಉಪ್ಪಿನಕಾಯಿ ಮಾಡಿದರು. 'ಬ್ರೆಡ್ ಅಂಡ್ ಬಟರ್' ಎಂಬ ಹೆಸರನ್ನು 1923ರಲ್ಲಿ ನೋಂದಾಯಿಸಲು ಹೊರಟರು. ಕಷ್ಟದ ದಿನಗಳಲ್ಲಿ ಆ ಉಪ್ಪಿನಕಾಯಿಯನ್ನು ಅಂಗಡಿಗೆ ಕೊಟ್ಟು ದಿನಸಿ ತಂದರಂತೆ, ಹಾಗಾಗಿ ಆ ಹೆಸರು ಎಂಬ ಕತೆಯಿದೆ. ಅಲ್ಲಿಯ ಗೃಹಿಣಿಯರೂ ಹೋಳು ಕರಕರ ಎನ್ನಲೆಂದು ಸುಣ್ಣದ ನೀರನ್ನೇ ಬಳಸಿದವರು. ಸುಣ್ಣ ಉಳಿದರೆ ಹುಳಿಯ ಬಲ ಕಡಿಮೆಯಾಗಿ ವಿಷಜೀವಿ ಬೆಳೆಯಬಹುದು, ಹಲವು ಸಲ ತೊಳೆಯಿರಿ ಎಂದು ಅಲ್ಲಿಯ ತಜ್ಞರು ಎಚ್ಚರಿಸುತ್ತಾರೆ. ಆಯಿಯ ನಾಲ್ಕೈದು ತೊಳೆತಕ್ಕೆ ಅಲ್ಲಿಂದಲೂ ಸಾಕ್ಷಿ ಸಿಕ್ಕಿತು.

ಇನ್ನೊಂದು ಸೋಜಿಗ. 1990ರ ದಶಕದಿಂದ ಕರ್ನಾಟಕದ ರೈತರು ಮಿಡಿಸೌತೆ ಬೆಳೆದು ಹೊರದೇಶಕ್ಕೆ ಕಳಿಸುತ್ತಿದ್ದಾರೆ. ಹೆಬ್ಬೆರಳಿನಷ್ಟಾದಾಗಲೇ ಕೀಳಬೇಕು, ಒಂದು ದಿನ ತಡವಾದರೆ ದಪ್ಪಗಾಗಿ ಬೆಲೆ ಇಳಿಯುತ್ತದೆ. ಬಗ್ಗಿ ಕೀಳುವವರಲ್ಲಿ ಬಹುಪಾಲು ಹೆಂಗಸರು. ಅದು ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಪೀಪಾಯಿಗಟ್ಟಲೆ ಹಡಗು ಹತ್ತಿ ಯುರೋಪು, ಅಮೆರಿಕಕ್ಕೆ ಹೋಗಿ ಅಲ್ಲಿಯ ಊಟದ ಮೇಜಿನ ಮೇಲೆ ಕರಕರ ಎನ್ನುತ್ತದೆ. ಕಿತ್ತವಳು ಅದರ ರುಚಿ ನೋಡಿರುವುದಿಲ್ಲ. ಪಾಕ ಮಾತ್ರ ತಟ್ಟೆಗೆ ಬರುತ್ತಿದ್ದ ಹಳೆಯ ಸೊಸೆಯ ನೆನಪು ನನಗಾಗುತ್ತದೆ.

ನಮ್ಮ ಊರುಗಳಲ್ಲಿ ಈಗ ಜಾಡಿ ತುಂಬುವ ಮನೆಗಳು ಕಡಿಮೆ. ಮರ ಕಡಿದು ಮನೆ ಕಟ್ಟಿದ್ದಾರೆ. ಬಿಸಿಲಿಗೆ ಒಯ್ಯಲು ಮಾಳಿಗೆ ಇದ್ದರೂ ಕಾಯಲು ಯಾರೂ ಇಲ್ಲ. ಹೆಣ್ಣುಮಕ್ಕಳು ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಾರೆ. ಹೋಗಲಿ, ಅದು ಒಳ್ಳೆಯದೇ. ಸಕ್ಕರೆ ರೋಗ ಬಂದ ಮೇಲೆ ಸಿಹಿಯ ಮೇಲಿನ ಆಸೆಯೂ ಹೆದರಿಕೆಯ ಜೊತೆ ಬರುತ್ತದೆ. ಇನ್ನೊಂದು ಕಡೆ ನೋಡಿದರೆ, ಬೀದರ ಜಿಲ್ಲಾ ಸಹಕಾರಿ ಬ್ಯಾಂಕು 1990ರ ದಶಕದ ಕೊನೆಗೆ ಹೆಂಗಸರ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ಹೆಸರು ಮಾಡಿತು. ಅಂಥ ಗುಂಪುಗಳ ಹೆಂಗಸರು ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವುದನ್ನು ನಾನು ಕಂಡಿದ್ದೇನೆ. ಅತ್ತೆಯ ಸೆರಗಿನ ಬೀಗದ ಕೈ ಬೇಡ. ಜಾಡಿ ತುಂಬಿದವಳ ಕೈಗೇ ರೊಕ್ಕ ಬರುತ್ತದೆ. ಮುಟ್ಟು, ಮೈಲಿಗೆ ಎಂದು ಕೂತರೆ ಅಲ್ಲಿ ಲೆಕ್ಕ ಮುಗಿಯುವುದಿಲ್ಲ; ಹಾಗಾಗಿ ಯಾರೂ ಕೇಳುವುದೂ ಇಲ್ಲ. ಶರಣರು ಹೇಳಿದ್ದನ್ನು ಜಾಡಿ ಎಂಟುನೂರು ವರ್ಷ ತಡವಾಗಿ ಒಪ್ಪಿಕೊಂಡಂತೆ ಕಾಣುತ್ತದೆ. ಒಂದೇ ಕೊರತೆ: ಮಾರುವ ಸಿಹಿ ಉಪ್ಪಿನಕಾಯಿ ಹೆಚ್ಚಾಗಿ ತುರಿದದ್ದು. ಹೋಳಿನದು ತಡ ಹಿಡಿಯುತ್ತದೆ, ತಡಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ಒಂದು ಕಿಲೋ ಕಾಯಿಯಿಂದ ಶುರುಮಾಡಿ. ನಾರಿಲ್ಲದ ಗಟ್ಟಿ ಕಾಯಿ ಇರಲಿ. ತೋತಾಪುರಿ ಸಿಕ್ಕರೂ ನಡೆಯುತ್ತದೆ. ತೊಳೆದು ಒರೆಸಿ, ಸಿಪ್ಪೆ ಹೆರೆದು, ಬೆರಳುದ್ದ ಹೋಳು ಮಾಡಿ. ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ತಿನ್ನುವ ಸುಣ್ಣ. ಕದಡಿ ಬಿಟ್ಟು ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಎರಡು ತಾಸು ನೆನೆಸಿ, ಐದು ಸಲ ತೊಳೆದು, ಬಟ್ಟೆಯ ಮೇಲೆ ಹರವಿ. ಕಾಯಿಯ ತೂಕಕ್ಕೆ ಸಮ ಬೆಲ್ಲ, ಹುಳಿ ಹೆಚ್ಚಿದ್ದರೆ ಮೇಲೆ ಒಂದು ಪಾವು. ಬೆಲ್ಲ ಕರಗಿಸಿ ಸೋಸುವುದನ್ನು ಬಿಡಬೇಡಿ, ಕಬ್ಬಿನ ಸಿಪ್ಪೆ, ಮರಳು ಇರುತ್ತದೆ. ಮೊದಲ ದಿನ ತೆಳು, ಐದನೆಯ ದಿನ ಎರಡೆಳೆ. ನಡುವೆ ಹೋಳನ್ನು ಕುದಿಸುವ ಆಸೆ ಬಂದರೆ ತಡೆದುಕೊಳ್ಳಿ. ಗಾಜಿನ ಜಾಡಿ, ಒಣ ಚಮಚ.

ಜಾಡಿಯ ಮೇಲೆ ಒಂದು ಚೀಟಿ ಅಂಟಿಸಿ. ಅಂಗಡಿಯ ಬಾಟಲಿಯ ಮೇಲೆ ಕಂಪನಿಯ ಹೆಸರು, ತಾರೀಖು ಇರುತ್ತದೆ. ನಮ್ಮ ಆಯಿಯಂದಿರ ಜಾಡಿಯ ಮೇಲೆ ಏನೂ ಇರುತ್ತಿರಲಿಲ್ಲ, ಹಾಗಾಗಿ ಐವತ್ತು ಬಗೆಯನ್ನು ಹಾಕಿದವರು ಯಾರೆಂದು ಇಂದು ನಮಗೆ ಹೇಳಲು ಬರುವುದಿಲ್ಲ. ನಿಮ್ಮ ಚೀಟಿಯಲ್ಲಿ ವರ್ಷ ಬರೆಯಿರಿ, ಕಾಯಿ ಯಾವ ಊರಿನದೆಂದು ಬರೆಯಿರಿ, ಕಲಿಸಿದವರ ಹೆಸರು ಬರೆಯಿರಿ, ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.